ಸಣ್ಣ ಮನೆಯಲ್ಲಿ ಸಾಮಾನು ಜೋಡಿಸುವುದು ಹೇಗೆ: ವಾಪಸ್ ಇಡುವ ಕೈಯಿಂದ ಶುರು ಮಾಡಿ

ನಮ್ಮ ಮನೆಯ ಕತ್ತರಿಗೆ ಒಂದು ಜಾಗ ಇತ್ತು. ಮಲಗುವ ಕೋಣೆಯ ಕಪಾಟು, ಎರಡನೇ ಡ್ರಾಯರ್, ಅದರಲ್ಲಿ ಮುಚ್ಚಳ ಇರುವ ಒಂದು ಡಬ್ಬಿ, ಆ ಡಬ್ಬಿಯ ಒಳಗೆ. ನೋಡೋಕೆ ತುಂಬಾ ಅಚ್ಚುಕಟ್ಟು. ಆದರೆ ಕತ್ತರಿ ಮಾತ್ರ ಅಲ್ಲಿ ಸಿಗುತ್ತಿರಲಿಲ್ಲ. ಊಟದ ಮೇಜಿನ ಮೇಲೆ ಸಿಗುತ್ತಿತ್ತು, ಕಿಟಕಿಯ ಕಟ್ಟೆಯ ಮೇಲೆ ಸಿಗುತ್ತಿತ್ತು, ಒಂದೊಂದು ಸಲ ಫ್ರಿಜ್ಜಿನ ಮೇಲೆ. "ಕತ್ತರಿ ಎಲ್ಲಿದೆ ರೀ?" ಅನ್ನುವ ಪ್ರಶ್ನೆ ವಾರಕ್ಕೆ ಮೂರು ಸಲವಾದರೂ ಬರುತ್ತಿತ್ತು.

ಒಂದು ದಿನ ಕೂತು ಯೋಚಿಸಿದಾಗ ವಿಷಯ ಹೊಳೆಯಿತು. ಕತ್ತರಿ ಬೇಕಾದಾಗ ಎದ್ದು ಹೋಗುತ್ತೇವೆ, ಕಪಾಟು ತೆಗೆಯುತ್ತೇವೆ, ಡ್ರಾಯರ್ ಎಳೆಯುತ್ತೇವೆ, ಡಬ್ಬಿ ಬಿಚ್ಚುತ್ತೇವೆ, ಯಾಕೆಂದರೆ ಆಗ ಅದು ಬೇಕೇ ಬೇಕು. ಕೆಲಸ ಮುಗಿದ ಮೇಲೆ ಅದನ್ನೆಲ್ಲ ಇನ್ನೊಂದು ಸಲ ಮಾಡೋಕೆ ಯಾರಿಗೂ ಮನಸ್ಸು ಬರುವುದಿಲ್ಲ. ಹತ್ತಿರ ಸಿಕ್ಕ ಕಡೆ ಇಟ್ಟುಬಿಡುತ್ತೇವೆ. ಅಡುಗೆಮನೆ ಬಾಗಿಲ ಪಕ್ಕ ಒಂದು ಹುಕ್ ಹಾಕಿ ಅದಕ್ಕೆ ಕತ್ತರಿ ತಗುಲಿಹಾಕಿದೆ. ಅವತ್ತಿಗೆ ಆ ಪ್ರಶ್ನೆ ನಿಂತಿತು.

ಸಣ್ಣ ಮನೆ ಜೋಡಿಸುವ ಬಗ್ಗೆ ನಾನು ಇಲ್ಲಿ ಹೇಳುವುದೆಲ್ಲ ಈ ಹುಕ್ಕಿನಿಂದಲೇ ಶುರುವಾಗಿದ್ದು. ಒಂದು ಸಾಮಾನನ್ನು ವಾಪಸ್ ಇಡೋದು ಎಷ್ಟು ಸುಲಭ ಅಂತ ಮೊದಲು ನೋಡಿ, ತೆಗೆಯೋದು ತಾನಾಗಿ ಸುಲಭವಾಗುತ್ತದೆ. ದೊಡ್ಡ ಮನೆಯಲ್ಲಿ ನಾಲ್ಕು ಸಾಮಾನು ಹೊರಗೆ ಬಿದ್ದಿದ್ದರೂ ನಡೆಯುತ್ತದೆ. ಸಣ್ಣ ಮನೆಯಲ್ಲಿ ಅದೇ ನಾಲ್ಕು ಸಾಮಾನು ಕಾಲಿಗೆ ಸಿಗುತ್ತವೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಡಬ್ಬಿ, ಬುಟ್ಟಿ ಕೊಳ್ಳುವುದು ಐದನೇ ಹಂತ. ಅಲ್ಲಿಯವರೆಗೆ ದಯವಿಟ್ಟು ಏನನ್ನೂ ಕೊಳ್ಳಬೇಡಿ.

ಹಂತ 1: ಒಂದು ವಾರ ಸುಮ್ನೆ ನೋಡಿ

ಏನನ್ನೂ ಎತ್ತಬೇಡಿ, ಎಸೆಯಬೇಡಿ. ಒಂದು ಕಾಗದ ತಗೊಂಡು ಮನೆಯಲ್ಲಿ ಯಾವ ಯಾವ ಜಾಗದಲ್ಲಿ ರಾಶಿ ಬೀಳುತ್ತದೆ ಅಂತ ಬರೆಯಿರಿ. ಬಾಗಿಲ ಹತ್ತಿರ ಕೀ, ಬ್ಯಾಗು, ಕೊಡೆ. ಕುರ್ಚಿಯ ಬೆನ್ನಿಗೆ ಒಂದೇ ಸಲ ಹಾಕಿ ತೆಗೆದ ಬಟ್ಟೆ. ಮಂಚದ ಪಕ್ಕ ಚಾರ್ಜರ್, ಕನ್ನಡಕ, ಅರ್ಧ ಓದಿದ ಪುಸ್ತಕ. ಮೇಜಿನ ಮೂಲೆಯಲ್ಲಿ ಬಿಲ್ಲು, ರಸೀದಿ.

ಈ ರಾಶಿಗಳನ್ನು ನೋಡಿ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಮನೆಯವರ ಕೈ ಎಲ್ಲಿ ಸಾಮಾನು ಬಿಡುತ್ತದೆ ಅಂತ ಅವು ಸರಿಯಾಗಿ ತೋರಿಸುತ್ತವೆ. ಕುರ್ಚಿ ಮೇಲೆ ದಿನಾ ಬಟ್ಟೆ ಬೀಳುತ್ತಿದೆ ಅಂದರೆ ಒಂದು ಸಲ ಹಾಕಿದ, ಇನ್ನೂ ಒಗೆಯೋಕೆ ಹಾಕದ ಬಟ್ಟೆಗೆ ಮನೆಯಲ್ಲಿ ಜಾಗವೇ ಇಲ್ಲ ಅಂತ ಅರ್ಥ. ಕಪಾಟಿನೊಳಗೆ ಇಡೋಕೆ ಮನಸ್ಸಿಲ್ಲ, ಒಗೆಯೋ ಬುಟ್ಟಿಗೆ ಹಾಕುವಷ್ಟು ಕೊಳೆ ಆಗಿಲ್ಲ. ಆ ಕುರ್ಚಿಯ ಪಕ್ಕದ ಗೋಡೆಗೆ ನಾಲ್ಕು ಹುಕ್ ಹಾಕಿದರೆ ಮುಗಿಯಿತು.

ಇದೇ ವಾರದಲ್ಲಿ ಇನ್ನೊಂದನ್ನೂ ಗಮನಿಸಿ: ಹುಡುಕಿದ್ದು ಏನು? ಯಾವ ಸಾಮಾನು ಹುಡುಕೋಕೆ ಐದು ನಿಮಿಷ ಹೋಯಿತು? ಅದನ್ನೂ ಬರೆದಿಡಿ. ಮೊದಲು ಜಾಗ ಮಾಡಬೇಕಾದದ್ದು ಅವುಗಳಿಗೆ.

ಹಂತ 2: ಒಂದೇ ಜಾತಿಯದ್ದನ್ನು ಒಂದೇ ಕಡೆ ಸುರಿಯಿರಿ

ಇಡೀ ಮನೆಯನ್ನು ಒಂದೇ ಭಾನುವಾರ ತಲೆಕೆಳಗು ಮಾಡಬೇಡಿ. ಸಣ್ಣ ಮನೆಯಲ್ಲಿ ಹಾಗೆ ಮಾಡಿದರೆ ರಾತ್ರಿ ಮಲಗೋಕೂ ಜಾಗ ಇರುವುದಿಲ್ಲ, ಸುಸ್ತಾಗಿ ಎಲ್ಲವನ್ನೂ ಸಿಕ್ಕಸಿಕ್ಕಲ್ಲಿ ತುರುಕುತ್ತೀರಿ. ಒಂದು ದಿನಕ್ಕೆ ಒಂದೇ ಜಾತಿ. ಇವತ್ತು ಬರೀ ವೈರ್ ಮತ್ತು ಚಾರ್ಜರ್. ನಾಳೆ ಬರೀ ಟವೆಲ್, ಹಾಸಿಗೆ ಹೊದಿಕೆ. ನಾಡಿದ್ದು ಪೆನ್ನು, ಟೇಪು, ಸೂಜಿ ದಾರ.

ಕೋಣೆ ಕೋಣೆಯಾಗಿ ಮಾಡೋದಕ್ಕಿಂತ ಜಾತಿ ಜಾತಿಯಾಗಿ ಮಾಡೋದು ಒಳ್ಳೆಯದು. ಯಾಕೆಂದರೆ ಒಂದೇ ಥರದ ಸಾಮಾನು ಐದು ಕಡೆ ಚದುರಿರುತ್ತದೆ, ಎಲ್ಲವನ್ನೂ ಒಟ್ಟಿಗೆ ಕಣ್ಣೆದುರು ನೋಡುವವರೆಗೂ ನಮ್ಮ ಹತ್ತಿರ ಎಷ್ಟಿದೆ ಅಂತ ಗೊತ್ತೇ ಆಗುವುದಿಲ್ಲ. ನಾನು ವೈರ್‌ಗಳನ್ನು ನೆಲದ ಮೇಲೆ ಸುರಿದಾಗ ಒಂದೇ ಥರದ ಚಾರ್ಜಿಂಗ್ ಕೇಬಲ್ ಹನ್ನೊಂದು ಸಿಕ್ಕವು. ಪ್ರತಿ ಸಲ ಸಿಗದೇ ಇದ್ದಾಗ ಹೊಸದು ತಂದಿದ್ದೆವು. ಅಂದರೆ ಜಾಗ ಇಲ್ಲದ್ದಕ್ಕೆ ಸಾಮಾನು ಕಳೆಯುತ್ತಿತ್ತು, ಕಳೆದದ್ದಕ್ಕೆ ಇನ್ನಷ್ಟು ಸಾಮಾನು ಬರುತ್ತಿತ್ತು.

ಸುರಿದ ಮೇಲೆ ನಾಲ್ಕು ಗುಂಪು ಮಾಡಿ: ದಿನಾ ಅಥವಾ ವಾರಕ್ಕೊಮ್ಮೆ ಬೇಕಾದದ್ದು, ಅಪರೂಪಕ್ಕೆ ಬೇಕಾದರೂ ನಿಜವಾಗಿ ಬೇಕಾದದ್ದು, ಬೇರೆಯವರಿಗೆ ಕೊಡಬಹುದಾದದ್ದು, ಕೆಟ್ಟುಹೋದದ್ದು. ರಿಪೇರಿ ಮಾಡಿಸಬೇಕು ಅಂತ ಎತ್ತಿಟ್ಟ ಸಾಮಾನಿಗೆ ಒಂದು ತಾರೀಖು ಹಾಕಿ. ಆ ತಾರೀಖಿನೊಳಗೆ ಆಗಲಿಲ್ಲ ಅಂದರೆ ಅದು ನಾಲ್ಕನೇ ಗುಂಪಿಗೆ.

ಕೈ ಬಿಡೋಕೆ ಮನಸ್ಸಾಗದ, ಆದರೆ ಬಳಸಲೂ ಬಳಸದ ಸಾಮಾನು ಎಲ್ಲರ ಮನೆಯಲ್ಲೂ ಇರುತ್ತದೆ ಅಲ್ವಾ? ಅದಕ್ಕೆ ಒಂದು ಪೆಟ್ಟಿಗೆ ಮಾಡಿ, ಅಂಟು ಟೇಪ್ ಹಾಕಿ ಮುಚ್ಚಿ, ಮೇಲೆ ಇವತ್ತಿನ ತಾರೀಖು ಬರೆಯಿರಿ. ಆರು ತಿಂಗಳು ಅದನ್ನು ಬಿಚ್ಚುವ ಅಗತ್ಯ ಬರಲಿಲ್ಲ ಅಂದರೆ ಉತ್ತರ ಸಿಕ್ಕಂತೆ. ನೆನಪಿನ ಸಾಮಾನು, ಅಂದರೆ ಹಳೆಯ ಪತ್ರ, ಫೋಟೋ, ತೀರಿಹೋದವರ ವಸ್ತು, ಇವನ್ನು ಈ ಲೆಕ್ಕಕ್ಕೆ ತರಬೇಡಿ. ಅವುಗಳಿಗೆ ಒಂದು ಒಳ್ಳೆಯ ಪೆಟ್ಟಿಗೆ ಕೊಡಿ, ಒಣಗಿದ ಜಾಗ ಕೊಡಿ, ಕೊನೆಯಲ್ಲಿ ನಿಧಾನವಾಗಿ ಕೂತು ನೋಡಿ. ಮೊದಲ ದಿನವೇ ಅವನ್ನು ಬಿಚ್ಚಿ ಕೂತರೆ ಕೆಲಸ ಅಲ್ಲೇ ನಿಲ್ಲುತ್ತದೆ.

ಇನ್ನೊಂದು ಮಾತು. ಬೇರೆಯವರ ಸಾಮಾನನ್ನು ಅವರನ್ನು ಕೇಳದೆ ಎಸೆಯಬೇಡಿ, ಮಕ್ಕಳದ್ದನ್ನೂ ಕೂಡ. ಒಂದು ಸಲ ಹಾಗೆ ಆದರೆ ಆಮೇಲೆ ಮನೆಯವರು ಎಲ್ಲವನ್ನೂ ಬಚ್ಚಿಡೋಕೆ ಶುರು ಮಾಡುತ್ತಾರೆ.

ಹಂತ 3: ಟೇಪ್ ಹಿಡಿದು ಅಳೆಯಿರಿ

ಜಾಸ್ತಿ ಜನ ಬಿಟ್ಟುಬಿಡುವ ಹಂತ ಇದು. ಅಳತೆ ಮಾಡದೆ ತಂದ ಡಬ್ಬಿಗಳು ಕೊನೆಗೆ ತಾವೇ ಒಂದು ರಾಶಿಯಾಗಿ ಕೂರುತ್ತವೆ.

ನನಗೆ ಆದದ್ದು ಹೇಳುತ್ತೇನೆ. ಕಪಾಟಿನ ಒಳಗಿನ ಅಗಲ 48 ಸೆಂ.ಮೀ. ಇತ್ತು. 47 ಸೆಂ.ಮೀ. ಅಗಲದ ಆರು ಪೆಟ್ಟಿಗೆ ತಂದೆ. ಒಂದೂ ಒಳಗೆ ಹೋಗಲಿಲ್ಲ. ಬಾಗಿಲ ಕೀಲು ಒಳಗಡೆ ಚಾಚಿಕೊಂಡಿತ್ತು, ಹಾಗಾಗಿ ಸಾಮಾನು ಒಳಗೆ ಹೋಗುವ ದಾರಿ ಬರೀ 45 ಸೆಂ.ಮೀ. ಇತ್ತು. ಒಳಗಿನ ಜಾಗ ಬೇರೆ, ಒಳಗೆ ಹೋಗುವ ದಾರಿ ಬೇರೆ. ಎರಡನ್ನೂ ಅಳೆಯಬೇಕು.

ಹಾಗಾಗಿ ಪ್ರತಿ ಶೆಲ್ಫಿಗೂ ನಾಲ್ಕು ಅಳತೆ ಬರೆದುಕೊಳ್ಳಿ: ಅಗಲ, ಆಳ, ಎತ್ತರ, ಬಾಗಿಲು ಪೂರ್ತಿ ತೆಗೆದಾಗ ಸಿಗುವ ದಾರಿ. ಗೋಡೆ ಎಲ್ಲ ಕಡೆ ನೇರ ಇರುವುದಿಲ್ಲ, ಅದಕ್ಕೆ ಅಗಲವನ್ನು ಹಿಂದೆ, ಮಧ್ಯ, ಮುಂದೆ ಮೂರು ಕಡೆ ಅಳೆದು ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ಇಟ್ಟುಕೊಳ್ಳಿ. ಮಂಚದ ಕೆಳಗೆ ಅಳೆಯುವಾಗ ಯಾರಾದರೂ ಮಂಚದ ಮೇಲೆ ಕೂತಿರಲಿ, ಹಲಗೆ ಸ್ವಲ್ಪ ಬಾಗುತ್ತದೆ. ಅಲ್ಲಿ 18 ಸೆಂ.ಮೀ. ಸಿಕ್ಕರೆ ಪೆಟ್ಟಿಗೆ ಮುಚ್ಚಳ ಸೇರಿ 16 ಇದ್ದರೆ ಸರಾಗ.

ಡಬ್ಬಿಯ ಮೇಲೆ ಬರೆದ ಅಳತೆಯನ್ನೂ ನಂಬಿ ಕೂರಬೇಡಿ. ಪ್ಲಾಸ್ಟಿಕ್ ಪೆಟ್ಟಿಗೆಗಳು ಒಂದರೊಳಗೊಂದು ಕೂರಲಿ ಅಂತ ಕೆಳಗೆ ಕಿರಿದಾಗಿ ಮೇಲೆ ಅಗಲವಾಗಿ ಇರುತ್ತವೆ. ಬರೆದಿರುವುದು ಸಾಮಾನ್ಯವಾಗಿ ಮೇಲಿನ ಅಂಚಿನ ಅಳತೆ. ತಳ ನಾಲ್ಕೈದು ಸೆಂ.ಮೀ. ಕಡಿಮೆ ಇರಬಹುದು. ಪಕ್ಕ ಪಕ್ಕ ಇಟ್ಟಾಗ ಕೆಳಗಡೆ ಆ ಜಾಗವೆಲ್ಲ ಹಾಳು. ಸಣ್ಣ ಮನೆಗೆ ನೇರ ಗೋಡೆಯ ಚೌಕ ಪೆಟ್ಟಿಗೆಯೇ ಸರಿ, ದುಂಡಗಿನದ್ದಂತೂ ಬೇಡವೇ ಬೇಡ.

ಕೆಲವು ಅಳತೆ ತಲೆಯಲ್ಲಿ ಇದ್ದರೆ ಅನುಕೂಲ. ದೊಡ್ಡವರ ಬಟ್ಟೆಯ ಹ್ಯಾಂಗರ್ ಸುಮಾರು 42ರಿಂದ 45 ಸೆಂ.ಮೀ. ಅಗಲ. ಬಟ್ಟೆಯ ಭುಜ ಸೇರಿಸಿದರೆ ನೇತುಹಾಕುವ ಕಪಾಟಿಗೆ 55ರಿಂದ 60 ಸೆಂ.ಮೀ. ಆಳ ಬೇಕು. ಶರ್ಟು ನೇತುಹಾಕೋಕೆ ಸುಮಾರು 100 ಸೆಂ.ಮೀ. ಎತ್ತರ ಸಾಕು, ಉದ್ದ ಉಡುಪಿಗೆ 150 ಬೇಕು. ಮಡಚಿದ ಬಟ್ಟೆಗೆ 35ರಿಂದ 40 ಸೆಂ.ಮೀ. ಆಳ ಸಾಕು. ಎ4 ಕಾಗದ 21 ಸೆಂ.ಮೀ. ಅಗಲ, 29.7 ಉದ್ದ. ಹಾಗಾಗಿ ಫೈಲ್ ನಿಲ್ಲಿಸುವ ಶೆಲ್ಫಿಗೆ 30 ಸೆಂ.ಮೀ. ಎತ್ತರ ಸಾಲುವುದಿಲ್ಲ, 33 ಆದರೂ ಬೇಕು.

ಹಂತ 4: ಯಾವುದು ಎಲ್ಲಿ ಅಂತ ಹಂಚಿ

ಮಂಡಿಯಿಂದ ಭುಜದವರೆಗಿನ ಎತ್ತರ ಇದೆಯಲ್ಲ, ಅದು ಮನೆಯ ಅತ್ಯಂತ ಬೆಲೆಬಾಳುವ ಜಾಗ. ಜಾಸ್ತಿ ಬಗ್ಗಬೇಕಾಗಿಲ್ಲ, ಕೈ ಎತ್ತಬೇಕಾಗಿಲ್ಲ. ಅಲ್ಲಿ ದಿನಾ ಬಳಸುವುದು ಮಾತ್ರ ಇರಲಿ. ವರ್ಷಕ್ಕೆರಡು ಸಲ ತೆಗೆಯುವ ಸೂಟ್‌ಕೇಸ್ ಅಲ್ಲಿ ಕೂತಿದ್ದರೆ ಇವತ್ತೇ ಎಬ್ಬಿಸಿ. ಭಾರದ್ದು ಮಂಡಿಯ ಕೆಳಗೆ. ಹಗುರವಾದ, ಅಪರೂಪದ ಸಾಮಾನು ತಲೆಯ ಮೇಲೆ. ಭಾರದ ಸಾಮಾನನ್ನು ಅಟ್ಟಕ್ಕೆ ಹಾಕಬೇಡಿ, ಏಣಿಯ ಮೇಲೆ ನಿಂತು ಎರಡೂ ಕೈಯಲ್ಲಿ ಭಾರ ಇಳಿಸುವಾಗಲೇ ಜನ ಬೀಳುವುದು.

ಈಗ ನಮ್ಮ ಕತ್ತರಿಯ ಲೆಕ್ಕಕ್ಕೆ ಬನ್ನಿ. ಪ್ರತಿ ಸಾಮಾನನ್ನೂ ವಾಪಸ್ ಇಡೋಕೆ ಎಷ್ಟು ಕೆಲಸ ಅಂತ ಬೆರಳಲ್ಲಿ ಎಣಿಸಿ. ಬಾಗಿಲು ತೆಗೆಯೋದು ಒಂದು, ಡ್ರಾಯರ್ ಎಳೆಯೋದು ಒಂದು, ಮುಚ್ಚಳ ಬಿಚ್ಚೋದು ಒಂದು, ಮೇಲಿರುವ ಇನ್ನೊಂದು ಡಬ್ಬಿ ಎತ್ತೋದು ಒಂದು. ದಿನಾ ಬಳಸುವ ಸಾಮಾನಿಗೆ ಒಂದೇ ಕೆಲಸ ಇರಬೇಕು. ಕೀ ಅಂದರೆ ಹುಕ್ಕಿಗೆ ತಗುಲಿಸಿದರೆ ಮುಗಿಯಬೇಕು. ವಾರಕ್ಕೊಮ್ಮೆ ಬಳಸುವುದಕ್ಕೆ ಎರಡು ನಡೆಯುತ್ತದೆ. ತಿಂಗಳಿಗೆ, ವರ್ಷಕ್ಕೆ ಬಳಸುವುದಕ್ಕೆ ಎಷ್ಟಾದರೂ ಇರಲಿ. ದಿನಾ ಬಳಸುವ ಡಬ್ಬಿಯ ಮುಚ್ಚಳ ತೆಗೆದು ಎಸೆದರೂ ತಪ್ಪಿಲ್ಲ, ಸ್ವಲ್ಪ ಧೂಳು ಬೀಳಬಹುದು, ಆದರೆ ಸಾಮಾನು ಒಳಗೆ ಬೀಳುತ್ತದೆ.

ಮಕ್ಕಳ ಆಟಿಕೆಗೂ ಇದೇ. ಹತ್ತು ವಿಭಾಗ ಮಾಡಿ, ಗಾಡಿ ಇಲ್ಲಿ, ಗೊಂಬೆ ಅಲ್ಲಿ ಅಂದರೆ ಐದು ವರ್ಷದ ಮಗು ಇಡುವುದಿಲ್ಲ. ಬಾಯಿ ಅಗಲ ಇರುವ ಎರಡು ಮೂರು ಬುಟ್ಟಿ ನೆಲದ ಮೇಲೆ ಇಡಿ, ಎಸೆದರೂ ಒಳಗೆ ಬೀಳುವ ಹಾಗೆ.

ಇನ್ನೊಂದು ವಿಷಯ, ಎಲ್ಲ ಶೆಲ್ಫನ್ನೂ ತುಂಬಬೇಡಿ. ಐದರಲ್ಲಿ ಒಂದು ಪಾಲು ಖಾಲಿ ಬಿಡಿ. ಸಣ್ಣ ಮನೆಯಲ್ಲಿ ಜಾಗ ಖಾಲಿ ಬಿಡೋದು ದಂಡ ಅನ್ನಿಸುತ್ತದೆ, ಗೊತ್ತು. ಆದರೆ ಪೂರ್ತಿ ತುಂಬಿದ ಶೆಲ್ಫಿಗೆ ಒಂದು ಸಾಮಾನು ವಾಪಸ್ ಇಡಬೇಕಾದರೆ ಮೂರು ಸಾಮಾನು ಸರಿಸಬೇಕು, ಮತ್ತೆ ಅದು ಮೇಜಿನ ಮೇಲೆ ಉಳಿಯುತ್ತದೆ.

ಹಂತ 5: ಈಗ ಡಬ್ಬಿ, ಬುಟ್ಟಿ ತನ್ನಿ

ಮೊದಲು ಮನೆಯಲ್ಲಿರುವ ರಟ್ಟಿನ ಪೆಟ್ಟಿಗೆಗಳನ್ನೇ ಕತ್ತರಿಸಿ ಎರಡು ವಾರ ಇಟ್ಟು ನೋಡಿ. ಡ್ರಾಯರ್ ಒಳಗೆ ಚಪ್ಪಲಿ ಡಬ್ಬಿಯ ಮುಚ್ಚಳ ಇಟ್ಟರೂ ವಿಭಾಗ ಆಗುತ್ತದೆ. ಅದೇ ಜಾಗ, ಅದೇ ಅಳತೆ ಸರಿ ಹೋಗುತ್ತಿದೆ ಅಂತ ಗೊತ್ತಾದ ಮೇಲೆ ಗಟ್ಟಿಯಾದದ್ದು ತನ್ನಿ. ರಟ್ಟನ್ನು ಕಾಯಂ ಆಗಿ ಇಟ್ಟುಕೊಳ್ಳಬೇಡಿ. ಅದು ತೇವ ಹೀರುತ್ತದೆ, ಜಿರಳೆ ಅದರಲ್ಲಿ ಅಡಗುತ್ತದೆ, ಸಿಲ್ವರ್‌ಫಿಶ್ ಹುಳಕ್ಕೆ ಅದರ ಅಂಟು, ಕಾಗದ ಎರಡೂ ಆಹಾರ.

ದೊಡ್ಡ ಪೆಟ್ಟಿಗೆ ತಂದರೆ ಲಾಭ ಅನ್ನಿಸುತ್ತದೆ. ಒಂದು ಲೆಕ್ಕ ಹಾಕಿ. 45 ಸೆಂ.ಮೀ. ಉದ್ದ, 30 ಅಗಲ, 30 ಎತ್ತರದ ಪೆಟ್ಟಿಗೆ ಅಂದರೆ ಸುಮಾರು 40 ಲೀಟರ್ ಜಾಗ. ಅದರ ತುಂಬಾ ಪುಸ್ತಕ ಇಟ್ಟರೆ 25 ಕೆ.ಜಿ. ದಾಟುತ್ತದೆ. ಎತ್ತೋಕೆ ಇಬ್ಬರು ಬೇಕು. ಅದೇ ಪೆಟ್ಟಿಗೆಯಲ್ಲಿ ದಿಂಬು, ಸ್ವೆಟರ್ ಇಟ್ಟರೆ ಒಂದೇ ಕೈ ಸಾಕು. ಹಾಗಾಗಿ ಭಾರದ ಸಾಮಾನಿಗೆ ಸಣ್ಣ ಪೆಟ್ಟಿಗೆ, ಹಗುರದ್ದಕ್ಕೆ ದೊಡ್ಡದು.

ಕಣ್ಣಿಗೆ ಕಾಣದ ಜಾಗಕ್ಕೆ ಹೋಗುವ ಪೆಟ್ಟಿಗೆಗಳು ಪಾರದರ್ಶಕ ಇರಲಿ. ಅಥವಾ ದೊಡ್ಡ ಅಕ್ಷರದಲ್ಲಿ ಒಳಗೆ ಏನಿದೆ ಅಂತ ಬರೆದು ಅಂಟಿಸಿ. ಮುಚ್ಚಳದ ಮೇಲೆ ಬರೆಯಬೇಡಿ, ಪೆಟ್ಟಿಗೆಯ ಮೈಗೆ ಅಂಟಿಸಿ. ಒಂದರ ಮೇಲೊಂದು ಇಟ್ಟಾಗ ಮುಚ್ಚಳ ಕಾಣುವುದಿಲ್ಲ, ಬೇರೆ ದಿನ ಮುಚ್ಚಳ ಅದಲುಬದಲಾದರೆ ಇನ್ನೂ ಕಷ್ಟ. "ಇತರೆ" ಅಂತ ಮಾತ್ರ ಬರೆಯಬೇಡಿ. ಆ ಡಬ್ಬಿಗೆ ಎಲ್ಲವೂ ಹೋಗುತ್ತದೆ, ಯಾವುದೂ ವಾಪಸ್ ಬರುವುದಿಲ್ಲ.

ಬಟ್ಟೆ

ಬಟ್ಟೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಸಣ್ಣ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಜಾಗ ತಿನ್ನುವುದು ಅದೇ.

ಒಂದರ ಮೇಲೊಂದು ಪೇರಿಸಿದಾಗ ಮೇಲಿನ ಮೂರು ಮಾತ್ರ ಬಳಕೆಗೆ ಬರುತ್ತವೆ. ಕೆಳಗಿನದ್ದು ಎಳೆದರೆ ಇಡೀ ಗುಡ್ಡೆ ಬೀಳುತ್ತದೆ. ಅದಕ್ಕೆ ಬದಲು ಪುಸ್ತಕದ ಹಾಗೆ ನಿಲ್ಲಿಸಿ. ಟೀ ಶರ್ಟನ್ನು ನೆಲದ ಮೇಲೆ ಹರಡಿ, ಎರಡೂ ಪಕ್ಕವನ್ನು ಮಧ್ಯಕ್ಕೆ ಮಡಚಿ, ತೋಳನ್ನು ಒಳಗೆ ಸೇರಿಸಿ. ಉದ್ದನೆಯ ಪಟ್ಟಿಯಾಗುತ್ತದೆ. ಅದನ್ನು ಕುತ್ತಿಗೆಯ ಕಡೆಯಿಂದ ಅರ್ಧಕ್ಕೆ ಮಡಚಿ, ಆಮೇಲೆ ಮೂರು ಪಾಲು ಮಾಡಿ ಮಡಚಿ. ಅಂಗೈಯಿಂದ ಒತ್ತಿ ಗಾಳಿ ಬಿಡಿ. ಮೇಜಿನ ಮೇಲೆ ಆ ಮಡಿಕೆ ತಾನಾಗಿ ನಿಂತರೆ ಸರಿಯಾಗಿದೆ ಅಂತ. ಬಿದ್ದುಹೋದರೆ ಪಟ್ಟಿ ಅಗಲವಾಗಿದೆ, ಇನ್ನೊಂದು ಸಲ ಮಾಡಿ. ಹತ್ತು ಬಟ್ಟೆ ಮಡಚುವಷ್ಟರಲ್ಲಿ ಕೈಗೆ ಅಭ್ಯಾಸ ಆಗುತ್ತದೆ. ಡ್ರಾಯರ್ ಇಲ್ಲದೆ ಶೆಲ್ಫ್ ಮಾತ್ರ ಇದ್ದರೆ ಮುಚ್ಚಳ ಇಲ್ಲದ ಚೌಕ ಪೆಟ್ಟಿಗೆಯಲ್ಲಿ ನಿಲ್ಲಿಸಿ, ಪೆಟ್ಟಿಗೆಯನ್ನೇ ಡ್ರಾಯರ್ ಥರ ಎಳೆಯಿರಿ.

ಯಾವ ಬಟ್ಟೆ ನಿಜವಾಗಿ ಹಾಕುತ್ತೀರಿ ಅಂತ ತಿಳಿಯೋಕೆ ಸುಲಭ ದಾರಿ: ಇವತ್ತು ಎಲ್ಲ ಹ್ಯಾಂಗರಿನ ಕೊಕ್ಕೆಯನ್ನೂ ತಿರುವಿ ಹಾಕಿ. ಹಾಕಿ ಒಗೆದ ಬಟ್ಟೆಯನ್ನು ಸರಿಯಾದ ಕಡೆಗೆ ತಗುಲಿಸಿ. ಒಂದು ವರ್ಷ ಆದ ಮೇಲೂ ತಿರುವಿಯೇ ಇರುವ ಹ್ಯಾಂಗರ್ ನೋಡಿದರೆ ಸಾಕು, ಯಾರೂ ಏನೂ ಹೇಳಬೇಕಾಗಿಲ್ಲ.

ಕಾಲಕ್ಕೆ ತಕ್ಕ ಬಟ್ಟೆ ಎತ್ತಿಡುವಾಗ ಒಗೆದು, ಪೂರ್ತಿ ಒಣಗಿಸಿಯೇ ಇಡಿ. ಕಣ್ಣಿಗೆ ಕಾಣದ ಬೆವರಿನ ಕಲೆ ಆರು ತಿಂಗಳಲ್ಲಿ ಹಳದಿಯಾಗಿ ಮೇಲೆ ಬರುತ್ತದೆ, ಹುಳಕ್ಕೂ ಆ ಕೊಳೆ ಇಷ್ಟ. ಉಣ್ಣೆ, ರೇಷ್ಮೆ ಬಟ್ಟೆಗಳನ್ನು ತಿನ್ನುವುದು ಬಟ್ಟೆಯ ಪತಂಗದ ಮರಿಹುಳ. ಚೆನ್ನಾಗಿ ಒಗೆದು, ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಅದು ಬರುವುದಿಲ್ಲ. ಗಂಜಿ ಹಾಕಿದ ಬಟ್ಟೆಯನ್ನು ತುಂಬಾ ದಿನಕ್ಕೆ ಎತ್ತಿಡಬೇಡಿ, ಸಿಲ್ವರ್‌ಫಿಶ್ ಗಂಜಿ ಹುಡುಕಿಕೊಂಡು ಬರುತ್ತದೆ.

ಗಾಳಿ ಎಳೆದು ಚಪ್ಪಟೆ ಮಾಡುವ ಚೀಲಗಳು ಹೊದಿಕೆ, ಸಾಮಾನ್ಯ ದಿಂಬಿಗೆ ತುಂಬಾ ಒಳ್ಳೆಯದು. ಆದರೆ ಗರಿ ತುಂಬಿದ ಹೊದಿಕೆ, ಚರ್ಮದ ಜಾಕೆಟ್, ದಪ್ಪ ಉಣ್ಣೆ, ಇವನ್ನು ತಿಂಗಳುಗಟ್ಟಲೆ ಹಾಗೆ ಒತ್ತಿ ಇಡಬೇಡಿ. ಗರಿ ಮತ್ತೆ ಮೊದಲಿನ ಹಾಗೆ ಉಬ್ಬುವುದಿಲ್ಲ, ಚರ್ಮಕ್ಕೆ ಸುಕ್ಕು ಕೂರುತ್ತದೆ.

ನುಸಿಗುಳಿಗೆ ಹಾಕುವವರು ಗಮನಿಸಿ: ನ್ಯಾಫ್ತಲೀನ್ ಗುಳಿಗೆಯ ಹಬೆ ಉಸಿರಿಗೆ ಒಳ್ಳೆಯದಲ್ಲ. ಜಿ6ಪಿಡಿ ಕೊರತೆ, ಅಂದರೆ ರಕ್ತದ ಕೆಂಪು ಕಣಗಳನ್ನು ಕಾಯುವ ಒಂದು ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವ ಮಕ್ಕಳಲ್ಲಿ ಅದು ರಕ್ತದ ಕೆಂಪು ಕಣಗಳನ್ನು ಒಡೆಯಬಲ್ಲದು. ಮಗುವಿನ ಬಟ್ಟೆಯ ಹತ್ತಿರ ಬೇಡವೇ ಬೇಡ. ಗುಳಿಗೆ ಮಿಠಾಯಿಯ ಹಾಗೆ ಕಾಣುತ್ತದೆ, ಅದೂ ನೆನಪಿರಲಿ.

ಅಡುಗೆಮನೆ

ಇಲ್ಲಿ ನಿಂತ ಜಾಗದಿಂದ ಯೋಚಿಸಿ. ಒಲೆಯ ಮುಂದೆ ನಿಂತು ಕೈ ಚಾಚಿ. ಕೈಗೆ ಸಿಗುವ ಜಾಗದಲ್ಲಿ ಸೌಟು, ಉಪ್ಪು, ಎಣ್ಣೆ, ಬಿಸಿ ಪಾತ್ರೆ ಹಿಡಿಯುವ ಬಟ್ಟೆ. ಸಿಂಕಿನ ಮುಂದೆ ನಿಂತು ಕೈ ಚಾಚಿ. ಅಲ್ಲಿ ಸೋಪು, ಸ್ಪಂಜು, ತೊಳೆದ ತಟ್ಟೆ ಇಡುವ ಜಾಗ. ತಟ್ಟೆ ತೊಳೆದ ಜಾಗಕ್ಕೆ ಹತ್ತಿರವೇ ತಟ್ಟೆಯ ಸ್ಟ್ಯಾಂಡ್ ಇದ್ದರೆ ತೊಳೆದ ತಟ್ಟೆ ಸಿಂಕಿನ ಪಕ್ಕ ಮೂರು ದಿನ ಕೂರುವುದಿಲ್ಲ.

ಆಳವಾದ ಶೆಲ್ಫಿನ ಹಿಂದಿನ ಅರ್ಧ ಯಾವಾಗಲೂ ಮರೆತುಹೋಗುತ್ತದೆ. ಅಲ್ಲಿಗೆ ಉದ್ದನೆಯ ಟ್ರೇ ಇಟ್ಟು, ಟ್ರೇ ಸಮೇತ ಎಳೆಯುವ ಹಾಗೆ ಮಾಡಿ. ಹೊಸ ಪ್ಯಾಕೆಟ್ ಬಂದಾಗ ಹಳೆಯದನ್ನು ಮುಂದಕ್ಕೆ ತಂದು ಹೊಸದನ್ನು ಹಿಂದೆ ಇಡಿ. ಮುಚ್ಚಳ, ತಟ್ಟೆ, ಬಾಣಲೆ ಇವನ್ನು ಒಂದರ ಮೇಲೊಂದು ಪೇರಿಸುವ ಬದಲು ನಿಲ್ಲಿಸಿ.

ಫ್ರಿಜ್ಜಿನ ಹಿಂದೆ, ಪಕ್ಕದಲ್ಲಿ ಚೀಲ, ಮಣೆ ತುರುಕಬೇಡಿ. ಅದು ಶಾಖ ಹೊರಗೆ ಬಿಡಬೇಕು, ಜಾಗ ಸಿಗದಿದ್ದರೆ ಕರೆಂಟು ಜಾಸ್ತಿ ಎಳೆಯುತ್ತದೆ. ಸಿಂಕಿನ ಕೆಳಗೆ ಬ್ಲೀಚ್ ಮತ್ತು ಆಸಿಡ್ ಥರದ ಕ್ಲೀನರ್ ಪಕ್ಕ ಪಕ್ಕ ಇಡಬೇಡಿ. ಸೋರಿ ಎರಡೂ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ, ಸಣ್ಣ ಮುಚ್ಚಿದ ಜಾಗದಲ್ಲಿ ಅದು ತುಂಬಾ ಅಪಾಯ. ಮಕ್ಕಳಿದ್ದರೆ ಎರಡೂ ಕೆಳಗೆ ಬೇಡ, ಬೀಗ ಇರುವ ಮೇಲಿನ ಶೆಲ್ಫಿಗೆ ಹಾಕಿ. ಮಾತ್ರೆ, ಔಷಧಿಗೆ ಅಡುಗೆಮನೆಯೂ ಬೇಡ, ಬಚ್ಚಲುಮನೆಯೂ ಬೇಡ. ಬಿಸಿ ಮತ್ತು ತೇವ ಎರಡೂ ಔಷಧಿಯನ್ನು ಕೆಡಿಸುತ್ತವೆ.

ಗೋಡೆ, ಬಾಗಿಲ ಹಿಂದೆ, ಮಂಚದ ಕೆಳಗೆ

ನೆಲ ತುಂಬಿದ ಮೇಲೆ ಉಳಿಯುವುದು ಗೋಡೆ. ಬಾಗಿಲ ಮೇಲಿಂದ ಚಾವಣಿಯವರೆಗಿನ ಜಾಗದಲ್ಲಿ ಒಂದು ಉದ್ದ ಹಲಗೆ ಹಾಕಿದರೆ ಅಪರೂಪದ ಹಗುರ ಪೆಟ್ಟಿಗೆಗಳೆಲ್ಲ ಅಲ್ಲಿಗೆ ಹೋಗುತ್ತವೆ. ಬಾಗಿಲ ಹಿಂದೆ ಜೇಬುಗಳಿರುವ ಬಟ್ಟೆಯ ಹಾಳೆ ನೇತುಹಾಕಬಹುದು. ಹಾಕುವ ಮೊದಲು ಬಾಗಿಲು ಪೂರ್ತಿ ತೆಗೆದರೆ ಗೋಡೆಗೆ ತಾಗುತ್ತದಾ ಅಂತ ನೋಡಿ.

ಅಂಟಿಸುವ ಹುಕ್ ಟೈಲ್ಸ್, ಗಾಜು, ನಯವಾದ ಮರಕ್ಕೆ ಚೆನ್ನಾಗಿ ಹಿಡಿಯುತ್ತದೆ. ಕೈ ಉಜ್ಜಿದರೆ ಪುಡಿ ಬರುವ ಸುಣ್ಣದ ಗೋಡೆಗೆ ನಿಲ್ಲುವುದಿಲ್ಲ, ಬಣ್ಣದ ಸಮೇತ ಕಿತ್ತು ಬರುತ್ತದೆ. ಅಂಟಿಸಿದ ಕೂಡಲೇ ಭಾರ ಹಾಕದೆ ಪ್ಯಾಕೆಟ್ ಮೇಲೆ ಹೇಳಿದಷ್ಟು ಹೊತ್ತು ಬಿಡಿ. ಡ್ರಿಲ್ ಮಾಡುವುದಾದರೆ ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ, ಅಕ್ಕಪಕ್ಕದ ಗೆರೆಯಲ್ಲಿ ತೂತು ಕೊರೆಯಬೇಡಿ. ವೈರ್ ಸಾಮಾನ್ಯವಾಗಿ ಅದೇ ದಾರಿಯಲ್ಲಿ ಹೋಗಿರುತ್ತದೆ.

ಎತ್ತರದ ಕಪಾಟು, ಪುಸ್ತಕದ ಶೆಲ್ಫ್, ಡ್ರಾಯರ್ ಪೆಟ್ಟಿಗೆ ಇದ್ದರೆ ಎಲ್-ಕ್ಲಾಂಪ್ ಅಥವಾ ಪಟ್ಟಿ ಹಾಕಿ ಗೋಡೆಗೆ ಬಿಗಿಯಿರಿ. ಇದನ್ನು ಆಮೇಲೆ ನೋಡೋಣ ಅಂತ ಬಿಡಬೇಡಿ. ತುಂಬಿದ ಎರಡು ಮೂರು ಡ್ರಾಯರ್ ಒಟ್ಟಿಗೆ ಎಳೆದರೆ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಮಗು ಅದನ್ನೇ ಮೆಟ್ಟಿಲು ಮಾಡಿಕೊಂಡು ಹತ್ತಿದರೆ ಕಪಾಟು ಮಗುವಿನ ಮೇಲೆಯೇ ಬೀಳುತ್ತದೆ. ಭಾರದ್ದು ಕೆಳಗಿನ ಡ್ರಾಯರಿನಲ್ಲಿ ಇರಲಿ.

ಮಂಚದ ಕೆಳಗಿನ ಪೆಟ್ಟಿಗೆಗೆ ಮುಚ್ಚಳ ಬೇಕು, ಚಕ್ರ ಇದ್ದರೆ ಒಳ್ಳೆಯದು. ಗುಡಿಸುವಾಗ ಒಂದೇ ಕೈಯಲ್ಲಿ ಎಳೆಯೋಕೆ ಬರಬೇಕು.

ತೇವ

ಸಣ್ಣ ಮನೆಯಲ್ಲಿ ಒಣಗೋ ಬಟ್ಟೆ, ಅಡುಗೆಯ ಹಬೆ, ಸ್ನಾನದ ಹಬೆ ಎಲ್ಲ ಅದೇ ಎರಡು ಕೋಣೆಯಲ್ಲಿ ಸುತ್ತುತ್ತದೆ. ನಾವು ಕಪಾಟನ್ನು ಹೊರಗೋಡೆಗೆ ಒತ್ತಿ ಇಟ್ಟಿದ್ದೆವು. ಒಂದು ಮಳೆಗಾಲ ಮುಗಿದ ಮೇಲೆ ಹಳೆಯ ಫೋಟೋ ಆಲ್ಬಮ್ ತೆಗೆದರೆ ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಕಪಾಟು ಎಳೆದು ನೋಡಿದಾಗ ಅದರ ಬೆನ್ನು ಪೂರ್ತಿ ಬೂದುಬಣ್ಣದ ಬೂಷ್ಟು. ಕೆಲವು ಫೋಟೋ ಮತ್ತೆ ಸಿಗಲಿಲ್ಲ, ಅವುಗಳ ನೆಗೆಟಿವ್ ಕೂಡ ಇರಲಿಲ್ಲ.

ಈಗ ಗೋಡೆಗೂ ಕಪಾಟಿಗೂ ನಡುವೆ ಐದು ಸೆಂ.ಮೀ. ಬಿಟ್ಟಿದ್ದೇವೆ, ಗಾಳಿ ಆಡಲಿ ಅಂತ. ನೆಲದಿಂದಲೂ ಸ್ವಲ್ಪ ಎತ್ತರ ಇರಲಿ. ಗಾಳಿಯ ತೇವ ಶೇಕಡ 60 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು ಬೆಳೆಯುತ್ತದೆ. ತೇವ ತೋರಿಸುವ ಸಣ್ಣ ಮೀಟರ್ ಸಿಗುತ್ತದೆ, ಒಂದನ್ನು ಕಪಾಟಿನೊಳಗೆ ಇಟ್ಟರೆ ಊಹೆ ಮಾಡುತ್ತಾ ಕೂರಬೇಕಾಗಿಲ್ಲ. ಫೋಟೋ, ಕಾಗದ, ಕ್ಯಾಮೆರಾ ಇರುವ ಡಬ್ಬಿಗೆ ಸಿಲಿಕಾ ಜೆಲ್ ಹಾಕಿ. ಬಣ್ಣ ಬದಲಾಗುವ ಜಾತಿಯದ್ದು ತಂದರೆ ಅದು ತೇವ ಕುಡಿದು ತುಂಬಿದೆ ಅಂತ ನೋಡಿದರೇ ಗೊತ್ತಾಗುತ್ತದೆ. ಡಬ್ಬಿ ಗಾಳಿಯಾಡದ ಹಾಗೆ ಮುಚ್ಚಿದ್ದರೆ ಮಾತ್ರ ಅದು ಕೆಲಸ ಮಾಡುವುದು. ತೆರೆದ ಶೆಲ್ಫಿನಲ್ಲಿ ಇಟ್ಟರೆ ಎರಡೇ ದಿನಕ್ಕೆ ಮುಗಿಯಿತು.

ಕಾಗದ, ವೈರ್, ಬ್ಯಾಟರಿ

ಕಾಗದಕ್ಕೆ ಮೂರು ಜಾಗ ಸಾಕು. ಈ ತಿಂಗಳು ಏನಾದರೂ ಮಾಡಬೇಕಾದ ಕಾಗದ ಕಣ್ಣಿಗೆ ಕಾಣುವ ಒಂದು ಟ್ರೇಯಲ್ಲಿ. ಕೆಲವು ವರ್ಷ ಇಟ್ಟುಕೊಳ್ಳಬೇಕಾದದ್ದು ಫೈಲಿನಲ್ಲಿ. ಜೀವನಪೂರ್ತಿ ಬೇಕಾದದ್ದು, ಅಂದರೆ ಜನನ ಪತ್ರ, ಮನೆ ಪತ್ರ, ಓದಿನ ಪ್ರಮಾಣಪತ್ರ, ನೀರು ತಾಗದ ಒಂದು ಚೀಲದಲ್ಲಿ. ಏನಾದರೂ ಆದರೆ ಒಂದೇ ಕೈಯಲ್ಲಿ ಎತ್ತಿಕೊಂಡು ಹೊರಗೆ ಓಡುವ ಹಾಗಿರಲಿ. ಅವುಗಳ ಫೋಟೋ ತೆಗೆದು ಬೇರೆ ಕಡೆಯೂ ಇಟ್ಟುಕೊಳ್ಳಿ.

ವೈರನ್ನು ಸಡಿಲವಾಗಿ ಸುತ್ತಿ ಒಂದೊಂದಕ್ಕೂ ಪಟ್ಟಿ ಕಟ್ಟಿ, ಯಾವುದರದ್ದು ಅಂತ ಬರೆದು ಅಂಟಿಸಿ. ಬ್ಯಾಟರಿಯನ್ನು ಚಿಲ್ಲರೆ ಕಾಸು, ಕೀ, ಮೊಳೆಯ ಜೊತೆ ಒಂದೇ ಡ್ರಾಯರಿನಲ್ಲಿ ಬಿಡಬೇಡಿ. 9 ವೋಲ್ಟಿನ ಚೌಕ ಬ್ಯಾಟರಿಯ ಎರಡೂ ತುದಿಗೆ ಒಂದು ಲೋಹದ ತುಂಡು ತಾಗಿದರೆ ಬಿಸಿಯಾಗಿ ಬೆಂಕಿ ಹತ್ತಬಹುದು, ತುದಿಗೆ ಟೇಪ್ ಅಂಟಿಸಿಡಿ. ಗುಂಡಿಯಂಥ ಸಣ್ಣ ಬ್ಯಾಟರಿಯನ್ನು ಮಗು ನುಂಗಿ ಅದು ಒಳಗೆ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಅದು ಬೀಗದೊಳಗೇ ಇರಬೇಕು.

ಕೊನೆಯ ಹಂತ: ದಿನದ ಹತ್ತು ನಿಮಿಷ

ಜೋಡಿಸಿದ್ದು ಹಾಗೇ ಉಳಿಯಬೇಕಾದರೆ ಮಲಗುವ ಮೊದಲು ಹತ್ತು ನಿಮಿಷ ಇಟ್ಟುಕೊಳ್ಳಿ. ಒಂದು ಖಾಲಿ ಬುಟ್ಟಿ ಹಿಡಿದು ಮನೆ ಸುತ್ತಿ, ಜಾಗ ತಪ್ಪಿದ ಸಾಮಾನೆಲ್ಲ ಅದರಲ್ಲಿ ಹಾಕಿ, ಇನ್ನೊಂದು ಸುತ್ತಿನಲ್ಲಿ ಒಂದೊಂದನ್ನೇ ಅದರದರ ಜಾಗಕ್ಕೆ ಬಿಡಿ. ಮನೆಯ ಎಲ್ಲರೂ ಸೇರಿದರೆ ನಾಲ್ಕು ನಿಮಿಷ ಸಾಕು. ಹೊಸದೊಂದು ಬಂದರೆ ಅದೇ ಜಾತಿಯ ಹಳೆಯದೊಂದು ಹೊರಗೆ ಹೋಗಲಿ.

ಒಂದು ತಿಂಗಳು ಹೀಗೆ ಮಾಡುವಾಗ ಆ ಬುಟ್ಟಿಯನ್ನು ಗಮನಿಸಿ. ಯಾವ ಸಾಮಾನು ದಿನಾ ಅದರಲ್ಲಿ ಬೀಳುತ್ತದೋ ಅದಕ್ಕೆ ನೀವು ಕೊಟ್ಟ ಜಾಗ ತಪ್ಪಾಗಿದೆ. ಮನೆಯವರಿಗೆ ಬೈಯಬೇಡಿ, ಜಾಗ ಬದಲಿಸಿ. ನಮ್ಮ ಮನೆಯಲ್ಲಿ ಈಗ ದಿನಾ ಬೀಳುತ್ತಿರುವುದು ಟಿವಿ ರಿಮೋಟ್. ಈ ವಾರ ಸೋಫಾದ ತೋಳಿಗೆ ಒಂದು ಬಟ್ಟೆಯ ಜೇಬು ಹೊಲಿದು ಹಾಕುತ್ತಿದ್ದೇನೆ.